ಕದಿರು ಕಟ್ಟಿದ ಕಂಪ್ಯೂಟರ್

ಹೊಸ ಬೆಳೆ ಮನೆಗೆ ಬರುವ ಹೊಸ್ತಿನ ಹಬ್ಬದ ದಿನ ನಮ್ಮ ಮನೆಯಲ್ಲಿ ಕದಿರು ಕಟ್ಟಿಸಿಕೊಳ್ಳದೆ ಉಳಿಯುತ್ತಿದ್ದವನು ನಾನೊಬ್ಬನೇ. ಹೊಸ ಭತ್ತದ ತೆನೆಯನ್ನು ಮಾವಿನೆಲೆ, ಹಲಸಿನೆಲೆಗಳ ನಡುವೆ ಇಟ್ಟು, ನಾರಿನಿಂದ ಸುತ್ತಿ, ನನ್ನ ಹೆಂಡತಿ ಗಿರಿಜೆ ಬಾಗಿಲಿಗೆ, ಬಾವಿಯ ರಾಟೆಗೆ, ಅಕ್ಕಿ ಡಬ್ಬಿಗೆ, ಸ್ಕೂಟರಿಗೆ ಕಟ್ಟುತ್ತಾ ಬರುತ್ತಿದ್ದಳು. ಆ ವರ್ಷವೂ ಹಾಗೇ ಕಟ್ಟುತ್ತಾ ಕಡೆಗೆ ಅಂಗಡಿಗೆ ಬಂದಳು. ಅಂಗಡಿ ಎಂದರೆ ನಮ್ಮ ಕುಂದಾಪುರದ ಮನೆಯ ಮುಂದಿನ ಕೋಣೆ. ಅಲ್ಲಿ ನಾವಿಬ್ಬರೂ ಮದುವೆ ಕಾಗದ ಟೈಪ್ ಮಾಡಿ ಕೊಡುತ್ತಿದ್ದೆವು.

ಆ ಬೆಳಿಗ್ಗೆ ಕಂಪ್ಯೂಟರ್ ಯಾರನ್ನೂ ಕೇಳದೆ ಅಪ್‌ಡೇಟ್ ಶುರು ಮಾಡಿಕೊಂಡಿತ್ತು. ನೀಲಿ ಪರದೆಯ ಮೇಲೆ ಮೂವತ್ತೈದು ಪರ್ಸೆಂಟ್. ಅದರ ಕೆಳಗೆ, ದಯವಿಟ್ಟು ಬಂದ್ ಮಾಡಬೇಡಿ ಎಂಬ ಬೇಡಿಕೆ. ನಾನು ಒಳಗೆ ಹೋಗಿ ಚಾ ಕುಡಿದು ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಕಂಪ್ಯೂಟರಿನ ಡಬ್ಬಿಗೆ ಕದಿರು ಕಟ್ಟಿ ಆಗಿತ್ತು. ಪ್ಲಗ್ಗು ಗಿರಿಜೆಯ ಕೈಯಲ್ಲಿತ್ತು.

"ಎಂತ ಮಾಡ್ದೆ ಮಾರಾಯ್ತಿ!"

"ಓಡು ಗಾಡಿಗೆ ಯಾರಾರೂ ಕದ್ರ್ ಕಟ್ತ್ರಾ? ವರ್ಷಕ್ಕೊಂದಿನ ಅದೂ ಚೂರ್ ಮಲ್ಕಣ್ಲಿ. ನಿಮ್ಗೂ ಕಟ್ಟುವಾ ಅಂದ್ರೆ ನೀವ್ ಒಂದ್ ಕಡೆ ನಿಂತ್ರಲ್ದಾ!"

ಮಧ್ಯಾಹ್ನ ಹೊಸ ಅಕ್ಕಿಯ ಪಾಯಸ ಉಂಡು, ಹಿಂದಿನ ದಿನ ತೆಗೆದಿಟ್ಟ ಒಂದು ಪ್ರೂಫ್ ನೋಡಲು ಕೂತೆವು. ನಮ್ಮ ಕ್ರಮ ಹೀಗೆ: ನಾನು ಗಟ್ಟಿಯಾಗಿ ಓದುವುದು, ಎದುರು ಕುರ್ಚಿಯಲ್ಲಿ ಅವಳು ಗಿರಾಕಿ ಬರೆದುಕೊಟ್ಟ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದು ಹೆಸರಿಗೂ "ಸಮ" ಎನ್ನುವುದು. ಆ ದಿನ ಅವಳಿಗೆ ಪಾಯಸದ ತೂಕಡಿಕೆ. ಪರೀಕ್ಷೆ ಮಾಡೋಣವೆಂದು ಮದುಮಗನ ಹೆಸರಿನ ಜಾಗದಲ್ಲಿ ನನ್ನ ಹೆಸರು ಓದಿದೆ. ಅವಳು ಕಣ್ಣು ಬಿಡದೆಯೇ, "ಈ ಮಾಣಿಗೆ ಮದಿ ಆಯ್ತಲೆ" ಎಂದಳು.

ಮರುದಿನ ಬೆಳಿಗ್ಗೆ ನೀರು ಸೇದುತ್ತಿದ್ದವಳು ಬಾವಿಕಟ್ಟೆಯ ಬಳಿ ಕುಸಿದಳು. ಮತ್ತೆ ಏಳಲಿಲ್ಲ. ರಾಟೆಯ ಮೇಲಿನ ಕದಿರು ಇನ್ನೂ ಹಸಿರಾಗಿತ್ತು.

ಹದಿಮೂರು ದಿನ ಕಳೆದು ಅಂಗಡಿ ತೆರೆದೆ. ಕಂಪ್ಯೂಟರ್ ಬಿಟ್ಟ ಕೆಲಸವನ್ನೇ ಮತ್ತೆ ಮೊದಲಿನಿಂದ ಹಿಡಿಯಿತು. ಹತ್ತು, ಇಪ್ಪತ್ತು, ಮೂವತ್ತೈದು. ಅಲ್ಲಿ ನಿಂತಿತು. ತುಂಬ ಹೊತ್ತಿನ ಮೇಲೆ, ಆಗಲಿಲ್ಲ, ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಎಂದಿತು. ಆಮೇಲೆ ಹಳೆಯ ಪರದೆ ಬಂತು: ಸ್ವಾಗತ, ಗಿರಿಜಾ. ಅದರಾಚೆ ಹೋಗಲಿಲ್ಲ. ಕಂಪ್ಯೂಟರ್ ಮನೆಗೆ ಬಂದ ದಿನ ಆ ಹೆಸರನ್ನು ಅವಳೇ ಒಂದು ಬೆರಳಿನಲ್ಲಿ ಕುಟ್ಟಿದ್ದಳು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ಯಕ್ಷಗಾನದಲ್ಲಿ ದೊಡ್ಡ ವೇಷ ತೆರೆಯ ಹಿಂದೆ ಕುಣಿಯುತ್ತಾ ಕಿರೀಟದ ತುದಿಯನ್ನಷ್ಟೇ ತೋರಿಸಿ ನಮ್ಮನ್ನು ಕಾಯಿಸುತ್ತದಲ್ಲ, ಹಾಗೆ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಿದ್ದವು. ಭಾಗವತರು ಎಷ್ಟು ಹಾಡಿದರೂ ಈ ತೆರೆ ಸರಿಯುವುದಿಲ್ಲ. ಆ ನೀಲಿ ನೋಡುತ್ತಾ ಕೂತರೆ ಮಧ್ಯಾಹ್ನದ ಹೊಳೆಬಾಯಿಯಲ್ಲಿ ಕಟ್ಟಿಹಾಕಿದ ದೋಣಿಯೊಳಗೆ ಮಲಗಿದ ಹಾಗೆ ಇರುತ್ತಿತ್ತು. ದೋಣಿ ತೂಗುತ್ತದೆ, ಹೋಗುವುದಿಲ್ಲ. ನಿಮ್ಮಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಅದು ಸರಿಯಾಗುವುದು ನನಗೆ ಬೇಕಿರಲಿಲ್ಲ. ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ದಿನವೂ ಹೊಸ್ತಿನ ಬೆಳಗಿಗೆ ಮರಳುವ ವಿದ್ಯೆ ನಮ್ಮ ಮನೆಯಲ್ಲಿ ಅದಕ್ಕೊಂದಕ್ಕೇ ಗೊತ್ತಿತ್ತು.

ಬ್ರಹ್ಮಾವರದಲ್ಲಿ ಕಂಪ್ಯೂಟರ್ ಕಲಿಸುವ ಜ್ಯೋತಿ, ಗಿರಿಜೆಯ ತಮ್ಮನ ಮಗಳು, ಬಂದು ನೋಡಿದಳು. "ಇದ್ ಅರ್ಧದಂಗೆ ಸಿಕ್ಕಿ ಬಿದ್ದಿತ್ ಮಾವ. ಪೂರಾ ಅಳ್ಸಿ ಹೊಸ್ತಾಗಿ ಹಾಕ್ಕ್. ಫೈಲೆಲ್ಲ ಉಳ್ಸಿ ಕೊಡ್ತೆ. ಅತ್ತೆ ಹೆಸ್ರಿಪ್ಪು ಈ ಪರದೆ ಮಾತ್ರ ಹೋತ್ತ್."

"ಹಾಂಗಾರೆ ಬ್ಯಾಡ" ಎಂದೆ.

ಬೇಡ ಎಂದವನಿಗೆ ಗಂಗೊಳ್ಳಿಯಲ್ಲಿ ಮೀನು ಮಾರುವ ಗುಲಾಬಿ ಸಿಕ್ಕಿದಳು. ಮಗಳ ಮದುವೆ ಕಾಗದಕ್ಕೆಂದು ಮೂರನೆಯ ಸಲ ಬಂದು, ಬುಟ್ಟಿ ಹೊರಗಿಟ್ಟು, ಬೆಂಚಿನ ಮೇಲೆ ಕೂತು ಅವಳೂ ಮೂವತ್ತೈದನ್ನು ನೋಡಿದಳು.

"ಹ್ವಾಯ್ ಅಣ್ಣಾ, ಮಗ್ಳಿಗೆ ಮೊಮ್ಮಕ್ಳಾದ್ ಮೇಲೆ ಕಾಗ್ದ ಕೊಡ್ತ್ರ್ಯಾ ಎಂತ ಕತೆ? ಬಂಗ್ಡಿ ಮೀನಾದ್ರೆ ಇಷ್ಟೊತ್ತಿಗೆ ಹಾಳಾತಿತ್."

ನಗು ಬಂತು. ನಗು ಬಂದದ್ದಕ್ಕೋ ಏನೋ, ಯಾರಿಗೂ ಹೇಳದ ಪ್ಲಗ್ಗಿನ ಕತೆಯನ್ನು ಅವಳಿಗೆ ಹೇಳಿದೆ. ಗುಲಾಬಿ ಒಣಗಿದ ಕದಿರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಗಿರ್ಜಕ್ಕ ಒಂದಿನ ಮಲ್ಕಣ್ಲಿ ಅಂದ್ರ್. ತಿಂಗ್ಳಗಟ್ಲೆ ಮಲ್ಕಣ್ಲಿ ಅಂದ್ರಾ?"

ಜ್ಯೋತಿಗೆ ಫೋನ್ ಮಾಡಿದೆ.

ಡಬ್ಬಿ ಬಿಚ್ಚಬೇಕಿತ್ತು, ಕದಿರನ್ನು ನಾನೇ ಬಿಚ್ಚಿದೆ. ಗಿರಿಜೆಯ ಗಂಟು ಗಟ್ಟಿ, ಬಹಳ ಹೊತ್ತು ಹಿಡಿಯಿತು. ನಾಲ್ಕಾರು ಭತ್ತ ಮೇಜಿನ ಮೇಲೆ ಉದುರಿದವು. ಸ್ವಾಗತ ಹೇಳುವ ಪರದೆಯನ್ನು ಕಡೆಯದಾಗಿ ಒಮ್ಮೆ ನೋಡಿ, "ಹ್ಞೂಂ" ಎಂದೆ. ಸಂಜೆಯ ಹೊತ್ತಿಗೆ ಯಂತ್ರ ಮೂವತ್ತೈದನ್ನು ದಾಟಿತು. ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ನಾನಾದರೂ ತುಸು ನಿಂತೀತು ಎಂದುಕೊಂಡಿದ್ದೆ. ನೂರು ಮುಟ್ಟಿ, ನಿಮ್ಮ ಹೆಸರೇನು ಎಂದು ಕೇಳಿತು.

"ಅತ್ತೆ ಹೆಸ್ರೇ ಹಾಕ್ಲಾ ಮಾವ?"

ಬೇಡವೆಂದೆ. ಗಿರಿಜೆ ಕುಟ್ಟಿದ ಹೆಸರು ಬೇರೆ, ನಾವು ಹಾಕುವ ಹೆಸರು ಬೇರೆ. ನನ್ನ ಹೆಸರನ್ನೇ ಒಂದು ಬೆರಳಿನಲ್ಲಿ ಕುಟ್ಟಿದೆ. ಒಣಗಿದ ಕದಿರನ್ನು ಮತ್ತೆ ಡಬ್ಬಿಗೆ ಕಟ್ಟಿದೆ. ಮುಂದಿನ ಹೊಸ್ತಿನವರೆಗೆ ಅದು ಅಲ್ಲಿರಬೇಕಾದದ್ದೇ ಕ್ರಮ.

ಫೈಲುಗಳೆಲ್ಲ ಬಂದಿವೆ. ಗುಲಾಬಿಯ ಮಗಳ ಕಾಗದದ ಪ್ರೂಫ್ ಈಗ ನನ್ನ ಕೈಯಲ್ಲಿದೆ, ಚೀಟಿ ಎದುರು ಕುರ್ಚಿಯ ಮುಂದಿದೆ. ಒಂದೊಂದು ಹೆಸರು ಓದಿ ನಿಲ್ಲುತ್ತೇನೆ. "ಸಮ" ಎನ್ನುವವಳಿಲ್ಲ.