ಮಂಗಳವಿಲ್ಲದ ಕಚೇರಿ

ಸಿಂಚನಾ, ಪ್ರಣವ್, ಮೊಮ್ಮಕ್ಕಳೇ, ನಮ್ಮ ಪಿಟೀಲು ಟೀಚರ ಬಲಪಾದದ ಮೇಲೆ ನೇರಳೆ ಹಣ್ಣಿನಂಥ ಕಪ್ಪು ಜಡ್ಡು ಇತ್ತು. ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಒರಗಿಸಿ ನುಡಿಸಿ ನುಡಿಸಿ ಆದದ್ದು. "ನಾನು ಕಾಲಿಗೆ ಹಾಕ್ಕೊಂಡಿರೋ ಒಡವೆ ಇದೊಂದೇ" ಎಂದು ನಗುತ್ತಿದ್ದರು.

ತೀರ್ಥಹಳ್ಳಿಯ ನಮ್ಮ ಮನೆಯ ಹಿಂಭಾಗದಲ್ಲಿ ಅವರು ಬಾಡಿಗೆಗಿದ್ದರು. ಸಂಜೆ ಪಾಠಕ್ಕೆ ಮಕ್ಕಳು ಬರುತ್ತಿದ್ದರು. "ಕಮಾನು ಎಳೀರಿ ಅಂದ್ರೆ ಗರಗಸ ಎಳೀತೀರಲ್ಲ, ಮಾರಾಯ್ರೆ!" ಎಂಬ ಗದರಿಕೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ನಾಲ್ಕು ಜನರ ನಡುವೆ ಬಾಯಿ ಬಿಡದವಳು. ನನಗೆ ರಾಗ ಗೊತ್ತಾಗುವುದಿಲ್ಲ ಎಂದರೆ, "ಗೊತ್ತಿಲ್ದೆ ಕೇಳೋರೇ ಚೆನ್ನಾಗಿ ಕೇಳೋದು, ಬನ್ನಿ ಅಮ್ಮಾ" ಎಂದು ಚಾಪೆ ಹಾಸುತ್ತಿದ್ದರು.

ಅವರ ಹಳೆಯ ಶಿಷ್ಯೆಯೊಬ್ಬಳು, ಹೊಸನಗರದ ಕಡೆಯವಳು, ವಕೀಲೆಯಾಗಿ ಕಾಡಂಚಿನ ಬಡವರ ಜಮೀನಿನ ಹಕ್ಕಿಗಾಗಿ ಓಡಾಡುತ್ತಿದ್ದಳು. ಅವಳನ್ನು ಹುಲಿಕಲ್ ದಾರಿಯಲ್ಲಿ ಅಡ್ಡಗಟ್ಟಿ ಕೊಂದರು. ಆಮೇಲೆ ಟೀಚರು ವರ್ಷಕ್ಕೊಮ್ಮೆ, ಅವಳಿಗಾಗಿ ಮತ್ತು ಅವಳಂತೆ ಜನರ ಪರ ನಿಂತು ಕೊಲೆಯಾದವರಿಗಾಗಿ, ಮೈಕಿಲ್ಲದ ಕಚೇರಿ ನಡೆಸುತ್ತಿದ್ದರು. ಪಿಟೀಲು, ಮೃದಂಗ, ತಂಬೂರಿ, ಅಷ್ಟೇ. ಅದೊಂದು ವರ್ಷ ಊರಿನಲ್ಲಿ ಹೆದರಿ ಯಾರೂ ಜಾಗ ಕೊಡಲಿಲ್ಲ. ನಮ್ಮ ಹಜಾರ ಕೊಟ್ಟೆ. ಟೀಚರ ಮೇಲಿನ ಪ್ರೀತಿಗೆ ಕೊಟ್ಟದ್ದು, ಧೈರ್ಯದಿಂದಲ್ಲ.

ಕೊಲೆಯಾದ ಆ ವಕೀಲೆಯ ತಾಯಿ ಎದುರಿಗೇ ಕೂತಿದ್ದರು. ಟೀಚರು ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿ ನುಡಿಸತೊಡಗಿದರು. ನನ್ನ ಗಂಡ ತೀರಿಕೊಂಡ ದಿನ ಬಾರದ ಅಳು ನನಗೆ ಅವತ್ತು ಬಂತು. ಕೊನೆಗೆ ಟೀಚರು ಮಂಗಳ ನುಡಿಸದೆಯೇ ಕಮಾನು ಕೆಳಗಿಟ್ಟರು. ಮಂಗಳವಾಗದೆ ಕಚೇರಿಯಿಂದ ಏಳುವುದು ಅಶುಭ ಎಂದು ನಂಬಿದವಳು ನಾನು. ಸಿಂಚನಾ, ಒಳಗೆ ನಿನ್ನ ಅಮ್ಮ ನಿನ್ನನ್ನು ಹೊಟ್ಟೆಯಲ್ಲಿ ಹೊತ್ತು ಮಲಗಿದ್ದಳು.

"ಟೀಚ್ರೇ, ಮಂಗಳ ಆಗ್ಲಿಲ್ವಲ್ಲ. ಮನೇಲಿ ಬಸ್ರಿ ಹುಡುಗಿ ಇದಾಳೆ" ಎಂದುಬಿಟ್ಟೆ.

ಮೃದಂಗದವರು ದನಿ ತಗ್ಗಿಸಿ, "ಅಮ್ಮಾ, ಅವಳ ಕೊಲೆ ಕೇಸು ತೀರ್ಪಾಗೋ ತನಕ ನಾವು ಮಂಗಳ ನುಡ್ಸಲ್ಲ" ಎಂದರು. ಯಾರೂ ಏಳಲಿಲ್ಲ. ಆಗ ಆ ತಾಯಿ ನನ್ನ ಕಡೆ ತಿರುಗದೆ ಹೇಳಿದರು:

"ನುಡ್ಸಿ ಟೀಚ್ರೇ. ಅವ್ರ ಮಗ್ಳು ಚೆನ್ನಾಗಿ ಹೆರ್ಲಿ. ನನ್ ಮಗ್ಳಿಗೆ ಇನ್ನೆಂತ ಆಗೋದಿದೆ?"

ಟೀಚರು ನುಡಿಸಿದರು. ಅಷ್ಟು ಮೆಲ್ಲಗೆ ಅವರು ನುಡಿಸಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಕೈಮುಗಿದು ಕೇಳಿದೆ, ಮನಸ್ಸಿಗೆ ನೆಮ್ಮದಿಯೂ ಆಯಿತು. ಇವತ್ತಿಗೂ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುವುದು ಆ ನೆಮ್ಮದಿಯನ್ನು ನೆನೆದೇ.

ಮರುದಿನ ಅವರ ಬಾಗಿಲಿಗೆ ಹೋಗಿ, "ತಪ್ಪಾಯ್ತು ಟೀಚ್ರೇ" ಎಂದೆ.

"ಹೆದ್ರಿಕೆಗೆ ಎಂತ ಮಾಡೋದು ಅಮ್ಮಾ? ಮೊದ್ಲೇ ಹೇಳ್ದೇ ಇದ್ದಿದ್ದು ನಾನು. ಕಾಫಿ ಆಗಿದ್ರೆ ಕೊಡಿ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಕೆಲವು ವರ್ಷದ ಹಿಂದೆ ಟೀಚರು ತೀರಿಕೊಂಡರು. ತೀರ್ಪು ಇನ್ನೂ ಬಂದಿಲ್ಲ. ಅವರ ಶಿಷ್ಯರು ಈಗ ಆ ಕಚೇರಿಯನ್ನು ಸಾಗರದಲ್ಲಿ ನಡೆಸುತ್ತಾರೆ. ಹೋಗಿ ಹಿಂದೆ ಕೂತು, ಮಂಗಳವಿಲ್ಲದೆ ಎದ್ದು ಬರುತ್ತೇನೆ. ತೀರ್ಪು ಬಂದು ಮಂಗಳ ನುಡಿಸುವ ದಿನ ನಾನಿಲ್ಲದಿದ್ದರೆ ನೀವಿಬ್ಬರೂ ಹೋಗಬೇಕು. ಆ ತಾಯಿ ಬದುಕಿದ್ದರೆ, ಸಿಂಚನಾ, ನೀನು ಯಾರೆಂದು ಹೇಳಿ ಅವರ ಕಾಲು ಮುಟ್ಟಿ ನಮಸ್ಕರಿಸು. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಂಡಿರಿ.