ಎಣ್ಣೆಗೈಯ ಚಿತ್ರಗಳು

ಅಡುಗೆಮನೆಯ ಕಿಟಕಿಕಟ್ಟೆಯ ಮೇಲಿನ ತೆಂಗಿನೆಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾದ ದಿನ ನಮ್ಮ ಮನೆಗೆ ಚಳಿಗಾಲ ಬಂದ ಹಾಗೆ. ಅದನ್ನು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲಿಟ್ಟು ಕರಗಿಸಿ ಬಿರಿದ ಕೈಗಳಿಗೆ ತಿಕ್ಕಿಕೊಳ್ಳುವುದು ಕುಂದಾಪುರದವಳಾದ ನನಗೆ ಬಿಡಲಾಗದ ಅಭ್ಯಾಸ. ಸೂಪರ್‌ಮಾರ್ಕೆಟ್ಟಿನ ಪರಿಮಳದ ಕ್ರೀಮುಗಳಿಗೆ ಈ ಕೈ ಎಂದೂ ಒಗ್ಗಲಿಲ್ಲ.

ಲಂಡನ್ ಎಂದೊಡನೆ ಊರಿನವರು ಎಂತೆಂಥದೋ ಕಟ್ಟಡಗಳನ್ನು ಕಲ್ಪಿಸಿಕೊಳ್ಳುತ್ತಾರೆ. ನಾವಿರುವುದು ನಗರದಂಚಿನ ಪಿನ್ನರ್‌ನಿಂದ ಇನ್ನೂ ಆಚೆ, ಬಸ್ಸು ಹಿಂದಕ್ಕೆ ತಿರುಗುವ ಕೊನೆಯ ಸ್ಟಾಪಿನ ಪಕ್ಕ. ಹಿತ್ತಿಲು ಮುಗಿದಲ್ಲಿಂದ ಬಯಲು, ಬಯಲಿನಲ್ಲೊಂದು ಓಕ್ ಮರ, ಯಾರದೋ ಒಂದು ಕುದುರೆ. ನಮ್ಮ ಮನೆಯವರು ಸೌತ್‌ಹಾಲಿನ ಹೋಟೆಲೊಂದರಲ್ಲಿ ದೋಸೆಕಾವಲಿಯ ಮುಂದೆ ಆಯುಷ್ಯ ಸವೆಸಿದವರು. ಸಕ್ಕರೆ ಕಾಯಿಲೆ ಕಣ್ಣಿಗಿಳಿದ ಮೇಲೆ ಕೆಲಸ ಬಿಟ್ಟು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡರು. ಕುದುರೆ ಬೇಲಿಯ ಹತ್ತಿರ ಬಂತು, ಮರದಡಿ ನಿಂತಿತು ಎಂದು ಬಯಲಿನ ವರ್ತಮಾನವನ್ನು ಅವರು ಒಪ್ಪಿಸುತ್ತಿದ್ದರೆ, ನಾನು ಪಲ್ಯ ಕೈಯಾಡಿಸುತ್ತ ಹೂಂಗುಟ್ಟುತ್ತಿದ್ದೆ. ಅರ್ಧ ಕೇಳುತ್ತಿದ್ದೆ, ಅರ್ಧ ಇಲ್ಲ. ಸಂಸಾರದಲ್ಲಿ ಅಷ್ಟೇ ಅಲ್ಲವೇ?

ಆ ವರ್ಷ ಹಿಮ ಸುರಿದ ಪರಿಗೆ ಬಸ್ಸುಗಳೇ ನಿಂತವು. ಬೆಳಗ್ಗೆ ಕಿಟಕಿಯ ಮುಂದೆ ಕೂತವರು, "ಇದು ಹಿಮವಾ, ನನ್ನ ಕಣ್ಣಾ?" ಎಂದು ಕೇಳಿದರು. ಎರಡೂ ಇರಬಹುದೆಂದು ಹೆದರಿ, ಹಿಮ ಎಂದಷ್ಟೇ ಹೇಳಿದೆ. ಬಿಳಿಯೆಂದರೆ ಶಾಂತಿ, ಬಿಳಿಯೆಂದರೆ ನೈರ್ಮಲ್ಯ ಎಂದು ಶಾಲೆಯಲ್ಲಿ ಅಕ್ಷರ ದುಂಡಗೆ ಬರೆದವಳು ನಾನು. ಅದು ಬೇಲಿ, ಮರ, ಕುದುರೆ ಒಂದನ್ನೂ ಬಿಡದೆ ನುಂಗುತ್ತದೆಂದು ಯಾರೂ ಕಲಿಸಿರಲಿಲ್ಲ.

ಗಾಢ ಬಣ್ಣಗಳು ಇನ್ನೂ ಸ್ವಲ್ಪ ಕಾಲ ಕಂಡಾವು ಎಂದು ನಮ್ಮ ಜಿಪಿ ಡಾಕ್ಟರು ಹೇಳಿದ್ದರು. ಮಗಳು ಶಾಲೆಗೆ ಹೋಗುವಾಗಿನ ಪ್ಯಾಸ್ಟೆಲ್ ಡಬ್ಬಿ ಕಪಾಟಿನಲ್ಲಿತ್ತು, ಸೀಮೆಸುಣ್ಣದಂಥ ಮೆದು ಬಣ್ಣದ ಕಡ್ಡಿಗಳು. ರಂಗೋಲಿಯ ಆಚೆ ಚಿತ್ರವೆಂಬುದನ್ನೇ ಅರಿಯದ ನಾನು ಹೊರಗಿನ ಬಯಲನ್ನು ಕಾಗದಕ್ಕಿಳಿಸಿದೆ: ಮರ ಕೆಂಪು, ಕುದುರೆ ಹಳದಿ, ಬೇಲಿ ನೀಲಿ, ಹಿಮವೆಲ್ಲ ನೇರಳೆ. ಮನೆಯವರು ಚಿತ್ರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, "ಮರಕ್ಕೆ ಕುಂಕುಮ ಬಳಿದಿದ್ದೀಯಲ್ಲ" ಎಂದು ನಕ್ಕರು. ಆ ನಗುವಿಗಾಗಿ ದಿನವೂ ಬರೆದೆ. ದಿನವೂ ಅವರು ಚಿತ್ರವನ್ನು ತೊಡೆಯ ಮೇಲಿಟ್ಟು, ಬೆರಳಾಡಿಸಿ, ಇಲ್ಲಿ ಮರ, ಅಲ್ಲಿ ಕುದುರೆ ಎಂದು ತಪ್ಪದೆ ಹೇಳುತ್ತಿದ್ದರು.

ನನಗಿದ್ದ ಬೇಸರ ಒಂದೇ. ಮರ ಮತ್ತು ಕುದುರೆಯನ್ನು ಹೆಬ್ಬೆರಳಿನಿಂದ ಉಜ್ಜಿ ತುಂಬುವಾಗ ಕೈಯ ಎಣ್ಣೆ ಕಾಗದಕ್ಕೆ ಹಿಡಿದು, ಚಳಿಗೆ ಅಲ್ಲೇ ಹೆಪ್ಪುಗಟ್ಟಿ, ಮೇಣದಂಥ ಕಲೆಯಾಗುತ್ತಿತ್ತು. ರಸ್ತೆ ತೆರೆದ ಮೇಲೆ ಪಿನ್ನರ್‌ನಿಂದ ಬಂದ ಮಗಳು ನೋಡಿ, "ಅಮ್ಮಾ, ವಾಶ್ ಯುವರ್ ಹ್ಯಾಂಡ್ಸ್ ಫಸ್ಟ್" ಎಂದು ಗೇಲಿ ಮಾಡಿ ಹೋದಳು.

ಮರುದಿನ ಪಾತ್ರೆ ತೊಳೆಯುವ ಸೋಪಿನಲ್ಲಿ ಕೈ ತಿಕ್ಕಿ, ಎಣ್ಣೆ ಮುಟ್ಟದೆ, ಮರವನ್ನು ಹಿಂದೆಂದಿಗಿಂತ ಕೆಂಪಾಗಿ ಬರೆದೆ. ಒಂದೂ ಕಲೆಯಿಲ್ಲ, ನನಗೇ ಹೆಮ್ಮೆಯಾಯಿತು. ಅವರು ಎಂದಿನಂತೆ ಬೆರಳಾಡಿಸಿದರು. ಎಡಕ್ಕೆ ಹೋದರು, ಬಲಕ್ಕೆ ಬಂದರು, ಮತ್ತೆ ಎಡಕ್ಕೆ.

"ಮರ ಎಲ್ಲಿಟ್ಟೆ ಮಾರಾಯ್ತಿ?"

ಮರ ಅವರ ಬೆರಳಡಿಯಲ್ಲೇ ಇತ್ತು. ಅದರ ಕೆಂಪು ಉಗುರಿನವರೆಗೂ ಹತ್ತಿತ್ತು.

ಅವರ ಕಣ್ಣಿಗೆ ಬಣ್ಣ ಯಾವತ್ತೋ ಆರಿಹೋಗಿತ್ತು. ಇಷ್ಟು ದಿನ ಅವರು ಬೆರಳಿನಿಂದ ಕಂಡದ್ದೆಲ್ಲ ನನ್ನ ಎಣ್ಣೆಯ ಕಲೆಗಳನ್ನು. ನಾನು ನೊಂದೇನೆಂದು ಬಚ್ಚಿಟ್ಟರೋ, ತಮಗೇ ಒಪ್ಪಿಕೊಳ್ಳಲಾಗದೆಯೋ, ಇಂದಿಗೂ ಕೇಳಿಲ್ಲ. "ಇವತ್ತು ಮರ ಬರೆಯೋದು ಮರೆತೇಬಿಟ್ಟೆ" ಎಂದೆ.

"ಅಡ್ಡಿಲ್ಲ, ನಾಳೆ ಬರಿ" ಎಂದರು. ನನ್ನ ಕಡೆ ತಿರುಗಲಿಲ್ಲ. ನನ್ನ ಸುಳ್ಳು ಅವರಿಗೆ ಗೊತ್ತಾಗಿತ್ತು, ಅವರದು ನನಗೆ.

ಈ ಚಳಿಗಾಲವೂ ಬಾಟಲಿ ಬೆಳ್ಳಗಾಗಿದೆ. ಕರಗಿಸಿ, ಹೆಬ್ಬೆರಳನ್ನು ಚೆನ್ನಾಗಿ ಅದ್ದಿಕೊಂಡೇ ಕಾಗದದ ಮುಂದೆ ಕೂರುತ್ತೇನೆ: ಮರಕ್ಕೊಂದು ಒತ್ತು, ಕುದುರೆಗೊಂದು. ಅವರು ತಡವಿ ಹುಡುಕಿ, ಕುದುರೆ ಇವತ್ತು ಬೇಲಿ ದಾಟಿತು ಎನ್ನುತ್ತಾರೆ. ನಾನೀಗ ಪೂರ್ತಿ ಕೇಳುತ್ತೇನೆ. ಕೆಂಪು, ಹಳದಿ, ನೇರಳೆಗಳನ್ನು ಈಗಲೂ ಹಾಕುತ್ತೇನೆ; ನೋಡುವವಳು ನಾನೊಬ್ಬಳೇ.