ತೊರಕೆ ಹರಡಿದ ಭಾನುವಾರಗಳು

ಆಗೆಲ್ಲ ಗಂಗೊಳ್ಳಿಯ ನಮ್ಮ ಕೇರಿಯ ಮಕ್ಕಳಿಗೆ ಬೇಸಿಗೆ ರಜೆ ಎಂದರೆ ಕಾಗೆ ಓಡಿಸುವ ಕೆಲಸ. ಪರೀಕ್ಷೆ ಮುಗಿದ ಮಾರನೆಯ ದಿನವೇ ಕೈಗೊಂದು ಉದ್ದ ಕೋಲು ಬರುತ್ತಿತ್ತು. ಮನೆಗಳ ಹಿಂದೆ ಮರಳು ತುಂಬಿದ ಹೊಯ್ಗೆ ಬಯಲಿನಲ್ಲಿ ಹನ್ನೊಂದು ಮನೆಯ ಹೆಂಗಸರು ಚಾಪೆ ಹಾಸಿ ಮೀನು ಒಣಗಿಸುತ್ತಿದ್ದರು. ಚಟ್ಲಿ, ಅಂದರೆ ಸಿಗಡಿ, ಒಂದು ಕಡೆ. ಸೀಳಿ ಉಪ್ಪು ಹಾಕಿದ ಬಂಗುಡೆ ಇನ್ನೊಂದು ಕಡೆ. ನಾವು ಮಕ್ಕಳು ಕಾಗೆಗಳನ್ನೂ ಹಂಚಿಕೊಂಡಿದ್ದೆವು. ಕುಂಟುವ ಕಾಗೆಯೊಂದು ನನ್ನ ಪಾಲಿಗೆ ಬಂದಿತ್ತು. ಅದು ಪಕ್ಕದ ಮನೆಯ ಗಿರಿಜಕ್ಕನ ಚಾಪೆಗೆ ಬಾಯಿ ಹಾಕಿದರೆ ಬೈಗುಳ ನನಗೇ.

ಬಿಸಿಲು ನೆತ್ತಿಗೇರಿದಾಗ ಹೆಂಗಸರು ಮೀನು ಮಗುಚಲು ಬರುತ್ತಿದ್ದರು. ಯಾರ ಮಗಳನ್ನು ನೋಡಲು ಯಾರು ಬಂದರು, ಯಾರ ಅತ್ತೆ ಯಾರಿಗೆ ಏನಂದರು, ಎಲ್ಲ ಅಲ್ಲೇ ಇತ್ಯರ್ಥ. ತಾಯಿಯನ್ನು ನಾವು ಅಬ್ಬಿ ಎನ್ನುವವರು. ದೋಣಿ ಕಡಲಿಗಿಳಿಯದ ಮಳೆಗಾಲದಲ್ಲಿ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಅಬ್ಬಿ ಆ ಬಯಲಿನಲ್ಲಿ ಒಣಗಿಸಿ ಮಾರಿದ ಮೀನಿನಿಂದ.

ಬಯಲು ನಮ್ಮದಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟ ಮೇಲೆ. ಹಳೆಯ ಯಜಮಾನರು "ಒಣ್ಸ್ಕಣಿ, ನಂಗೆಂತ" ಎಂದು ಬಿಟ್ಟಿದ್ದ ಜಾಗ. ಅವರು ತೀರಿಕೊಂಡ ಮೇಲೆ ಮಕ್ಕಳು ಲೇಔಟ್ ಮಾಡುವವರಿಗೆ ಕೊಟ್ಟುಬಿಟ್ಟರು. ಕಡಲಿಗೆ ಮುಖ ಮಾಡಿದ ಚಂದದ ಮನೆಗಳ ಚಿತ್ರವಿದ್ದ ಬೋರ್ಡು ಬಂತು. ಕೇರಿಯವರೆಲ್ಲ ಸಹಿ, ಹೆಬ್ಬೆಟ್ಟು ಹಾಕಿ ಪಂಚಾಯಿತಿಗೆ ಅರ್ಜಿ ಕೊಟ್ಟರು. "ಪಟ್ಟಾ ಜಾಗ, ನಾವೆಂತ ಮಾಡುಕಾತ್ತ್?" ಎಂದು ಅಲ್ಲಿಯವರು ಕೈಚೆಲ್ಲಿದರು.

ಉಪಾಯ ಹೇಳಿದವರು ಗಿರಿಜಕ್ಕ. ವಯಸ್ಸಿನಲ್ಲಿ ಕೇರಿಗೇ ದೊಡ್ಡವರು, ಬಾಯಿಯಲ್ಲೂ.

"ಅರ್ಜಿ ಓದೋರ್ ಇಲ್ಲೆ. ವಾಸ್ನಿ ಮೂಸ್ದೇ ಇಪ್ಪೋರ್ ಯಾರಿದ್ರ್?"

ಸೈಟು ನೋಡುವವರು ಬರುತ್ತಿದ್ದದ್ದು ಭಾನುವಾರ. ಶನಿವಾರವೇ ತೊರಕೆ ಸೀಳಿ ಬೋರ್ಡಿನ ಬುಡದಲ್ಲಿ ಹರಡುವುದೆಂದು ತೀರ್ಮಾನವಾಯಿತು. ತೊರಕೆ ಎಂದರೆ ಚಪ್ಪಟೆಯಾದ ದೊಡ್ಡ ಮೀನು. ಅರ್ಧ ಒಣಗಿದ ತೊರಕೆಯ ವಾಸನೆಗೆ ಕಣ್ಣಲ್ಲಿ ನೀರು ಬರುತ್ತದೆ. ಅದರಲ್ಲೇ ಹುಟ್ಟಿ ಬೆಳೆದ ನಮಗೂ ಬರುತ್ತಿತ್ತು.

ಮೊದಲ ಭಾನುವಾರ ಘಟ್ಟದ ಮೇಲಿಂದ ಬಂದ ಸಂಸಾರವೊಂದು ಕಾರಿನ ಗಾಜು ಇಳಿಸದೆಯೇ ವಾಪಸಾಯಿತು. ಎರಡನೆಯ ಭಾನುವಾರ ಬಂದವರು ಇಳಿದರು, ಮೂಗಿಗೆ ಕರವಸ್ತ್ರ ಹಿಡಿದರು, ಹತ್ತಿದರು. ಅವರಿಗೆ ಸೈಟು ತೋರಿಸುತ್ತಿದ್ದ ಬ್ರೋಕರ್ ಕೈ ಮುಗಿಯುವುದೊಂದು ಬಾಕಿ.

"ಹ್ವಾಯ್ ಗಿರಿಜಕ್ಕ, ಇದನ್ನ್ ಒಂಚೂರ್ ಆಚಿಗ್ ಹಾಕುಕಾತ್ತಿಲ್ಯಾ?"

"ಬಿಸ್ಲ್ ಬಪ್ದ್ ಇಲ್ಲೇ ಅಲ್ದಾ ಮಾರಾಯ್ರೆ?"

ಬಿಸಿಲು ಬಯಲಿಡೀ ಸುರಿಯುತ್ತಿತ್ತು. ತೆಂಗಿನ ಮಡಲಿನ ಬೇಲಿಯ ಹಿಂದೆ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಅಬ್ಬಿ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮೂರನೆಯ ಭಾನುವಾರ ಬೊಂಬಾಯಿಯಿಂದ ಒಬ್ಬ ಹೆಂಗಸು ಬಂದಳು. ಕಾರಿನಿಂದ ಇಳಿದಳು. ಮೂಗು ಮುಚ್ಚಲಿಲ್ಲ. ಸೀದಾ ಚಾಪೆಯ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕುಳಿತು ನನ್ನನ್ನು ಕೇಳಿದಳು, "ತೊರ್ಕೆ ಅಲ್ದಾ ಇದ್?"

ಯಾರು ಕೇಳಿದರೂ ಬಾಯಿ ಬಿಡಬಾರದೆಂದು ಗಿರಿಜಕ್ಕನ ಅಪ್ಪಣೆಯಿತ್ತು. ಆದರೆ ಅವಳು ಕೇಳಿದ್ದು ನಮ್ಮ ಮಾತಿನಲ್ಲಿ, ಹತ್ತು ವರ್ಷದ ಹುಡುಗಿಯಾದ ನನಗೆ ಜಂಬ ತಡೆಯಲಿಲ್ಲ.

"ಹೌದ್. ನನ್ ಅಬ್ಬಿ ಒಣ್ಸಿದ್ದ್. ಒಂದ್ ಹರಳ್ ಹೊಯ್ಗಿ ಸಿಕ್ಕುದಿಲ್ಲೆ. ಚಟ್ಲಿ ಚಟ್ನಿಯೂ ಲಾಯ್ಕ್ ಮಾಡತ್ತ್."

ಸಾಲದ್ದಕ್ಕೆ ಅವಳ ಕೈ ಹಿಡಿದು ಮನೆಗೂ ಕರೆತಂದೆ. ಅಬ್ಬಿ ನನ್ನನ್ನು ನುಂಗುವ ಹಾಗೆ ನೋಡಿದಳು. ಆದರೆ ಊಟದ ಹೊತ್ತಿಗೆ ಹೊಸಿಲಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ಕುಚ್ಚಲಕ್ಕಿ ಗಂಜಿ ಬಡಿಸಿ, ಬಟ್ಟಲಿನ ಅಂಚಿಗೆ ಚಟ್ಲಿ ಚಟ್ನಿ ಹಾಕಿದಳು. ಎರಡು ತುತ್ತು ಉಂಡು ಆ ಹೆಂಗಸು ಅಳತೊಡಗಿದಳು. ವಸಂತಿ ಎಂದು ಅವಳ ಹೆಸರು. ಅವಳ ತಾಯಿ ಇದೇ ಕಡಲ ದಂಡೆಯವಳಂತೆ.

"ಊರಿಂದ ಒಣ್ಮೀನ್ ಬಂದ್ರೆ ನನ್ ಅಬ್ಬಿ ಕಿಟ್ಕಿ, ಬಾಗ್ಲ್ ಎಲ್ಲಾ ಹಾಕಿ ಸುಡ್ತಿತ್ತ್. ಬಿಲ್ಡಿಂಗಿನೋರ್ ಗಲಾಟಿ ಮಾಡ್ತ್ರ್ ಅಂದೇಳಿ. ಕಳ್ರ್ ತಿಂದಂಗೆ ತಿಂಬುದ್" ಎಂದಳು. ಕೈ ತೊಳೆದು ಹೊರಗೆ ಹೋಗಿ ಬ್ರೋಕರನಿಗೆ ಹೇಳಿದಳು, "ಆ ಮೂಲಿ ಸೈಟ್ ನಂಗೆ."

ಅಬ್ಬಿ ಕೈಯಲ್ಲಿ ಸೌಟು ಹಿಡಿದೇ ಗಿರಿಜಕ್ಕನ ಮನೆಗೆ ಓಡಿದಳು.

ಸಂಜೆ ಹೆಂಗಸರೆಲ್ಲ ಬಯಲಿನಲ್ಲಿ ಸೇರಿದರು. ನಾಳೆ ಹೋಗಿ ಅವಳಿಗೆ ಬೇಡವೆಂದು ಹೇಳಿ ಬರೋಣ ಎಂದು ಯಾರೋ ಅಂದರು. ಗಿರಿಜಕ್ಕ ಆಗದೆಂದು ತಲೆಯಾಡಿಸಿದರು.

"ಹೊರ್ಗಿನೋರಿಗಾರೆ ತೊರ್ಕೆ ಹಾಕ್ಲಕ್ಕ್. ಅದ್ ನಮ್ಮೂರ್ ಹೆಣ್ಣ್. ಮನಿ ಕಟ್ಬೇಡ ಹೇಳುದ್ ಯಾವ್ ಬಾಯಗೆ?"

ಮುಂದಿನ ಶನಿವಾರ ಯಾರೂ ತೊರಕೆ ಸೀಳಲಿಲ್ಲ. ವಸಂತಕ್ಕ ಬೊಂಬಾಯಿಯ ನೆಂಟರಿಗೆಲ್ಲ ಹೇಳಿದ್ದಳು. ಒಬ್ಬರ ಹಿಂದೊಬ್ಬರು ಬಂದರು, ಎಲ್ಲರೂ ನಮ್ಮವರೇ. ಮಳೆ ಹಿಡಿಯುವ ಮೊದಲೇ ಸೈಟುಗಳೆಲ್ಲ ಹೋದವು. ಕೊನೆಯ ಸಲ ಚಾಪೆ ತೊಳೆಯುವಾಗ ನಾನು ಅಳುತ್ತ ಕೇಳಿದೆ, "ಅಬ್ಬಿ, ನಾ ಬಾಯ್ ಬಿಟ್ಟದ್ಕೆ ಅಲ್ದಾ ಬಯ್ಲ್ ಹೋದ್ದ್?"

"ಗಂಜಿ ಬಡ್ಸಿದ್ದ್ ನಾನಲ್ದಾ? ಹಸ್ದ್ ಬಂದೋರಿಗೆ ಇಲ್ಲೆ ಅಂಬುಕಾತ್ತಾ? ಹೋಯ್ಲಿ ಬಿಡ್ ಮಗ" ಎಂದು ಅಬ್ಬಿ ಒದ್ದೆ ಕೈಯಲ್ಲೇ ನನ್ನ ಕಣ್ಣೊರೆಸಿದಳು. ಆ ಕೈಯ ಉಪ್ಪಿಗೆ ಕಣ್ಣು ಇನ್ನಷ್ಟು ಉರಿಯಿತು.

ಈಗ ಬಯಲೆಲ್ಲ ಮನೆ. ರಜೆಯ ದಿನಗಳನ್ನು ಬಿಟ್ಟರೆ ಹೆಚ್ಚಿನವಕ್ಕೆ ಬೀಗ. ವಸಂತಕ್ಕ ತನ್ನ ಮನೆಯ ಕೀಲಿ ಅಬ್ಬಿಯ ಕೈಗೇ ಕೊಟ್ಟಿದ್ದಾಳೆ, ಟೆರೇಸಿನ ಮೇಲೆ ಮೀನು ಒಣಗಿಸಿಕೊಳ್ಳಲಿ ಎಂದು. ಊರಿಗೆ ಬಂದಾಗ ಕಿಟಕಿಯೆಲ್ಲ ತೆರೆದಿಟ್ಟು ಮೀನು ಸುಡುತ್ತಾಳೆ. ಅಂಥವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಎಷ್ಟೋ ಸಲ ಅನಿಸಿದೆ, ಬಯಲನ್ನು ಕಿತ್ತುಕೊಂಡವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗಿರಿಜಕ್ಕ ತೀರಿಕೊಂಡರು. ಒಣಗಿಸಲು ಜಾಗವಿಲ್ಲದೆ ಉಳಿದವರು ಐಸ್ ಪ್ಲಾಂಟಿನ ಕೆಲಸಕ್ಕೆ ಸೇರಿದರು, ಕೆಲವರು ಸುಮ್ಮನೆ ಮನೆಯಲ್ಲಿದ್ದಾರೆ.

ಮೊನ್ನೆ ನಾನೀಗ ಇರುವ ಕುಂದಾಪುರದಿಂದ ಊರಿಗೆ ಹೋದವಳು ಕೇಳಿದೆ, "ಮೇಲೆ ಮೀನ್ ಲಾಯ್ಕ್ ಒಣಗತ್ತಾ ಅಬ್ಬಿ?"

"ಮೀನ್ ಲಾಯ್ಕ್ ಒಣಗತ್ತ್. ಒಬ್ಳೇ ಮಗ್ಚುಕೆ ಹೋಪುಕ್ ಮನ್ಸ್ ಬತ್ತಿಲ್ಲೆ."

ನಾನೂ ಜೊತೆಗೆ ಮೆಟ್ಟಿಲು ಹತ್ತಿದೆ. ಇಬ್ಬರಿಗೆ ಆಡಲು ಹೆಚ್ಚು ಮಾತಿರಲಿಲ್ಲ. ಮೀನು ಬೇಗ ಮಗುಚಿ ಆಯಿತು.